ಗಡಿಯಾರದ ವೈದ್ಯರ ಕಣ್ಣು

ಕಾಲವನ್ನು ಅಳೆಯುವ ವಿದ್ಯೆ ಭಾರತೀಯರಿಗೆ ಹೊಸದಲ್ಲ. ತಳದಲ್ಲಿ ಸಣ್ಣ ರಂಧ್ರವುಳ್ಳ ಗಳಿಗೆ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗುವುದನ್ನೇ ಕಾದು ಮದುವೆಯ ಮುಹೂರ್ತ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. ಒಂದು ಗಳಿಗೆ ಎಂದರೆ 24 ನಿಮಿಷ. ಹಗಲಿರುಳು ಕೂಡಿ 60 ಗಳಿಗೆ. ಆ ಬಟ್ಟಲಿಗೆ ರಿಪೇರಿಯೆಂಬುದೇ ಇರಲಿಲ್ಲ. ರಂಧ್ರದಲ್ಲಿ ಕಸ ಸೇರಿದರೆ ಊದಿ ತೆಗೆದರೆ ಸಾಕಾಗುತ್ತಿತ್ತು. ಹಲ್ಲಿನ ಚಕ್ರಗಳೂ ಉಕ್ಕಿನ ಸುರುಳಿಗಳೂ ಕೂಡಿದ ಯಂತ್ರವು ಮನುಷ್ಯನ ಮಣಿಕಟ್ಟನ್ನು ಏರಿದ ಮೇಲೆಯೇ, ಅದರ ನಾಡಿ ಹಿಡಿದು ನೋಡುವ ವೈದ್ಯರು ಬೇಕಾದರು.

ಮುಂಬಯಿಯಂತಹ ಮಹಾನಗರದಲ್ಲಿ ಈ ವೈದ್ಯರ ಅಗತ್ಯ ಎಷ್ಟಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಲೋಕಲ್ ಗಾಡಿಗಳನ್ನು ಜನ ಗುರುತಿಸುವುದೇ ನಿಮಿಷದ ಲೆಕ್ಕದಲ್ಲಿ. ಕೋಟೆ ಪ್ರದೇಶದಲ್ಲಿ 1878ರಲ್ಲಿ ಪೂರ್ಣಗೊಂಡ ರಾಜಾಬಾಯಿ ಗೋಪುರದ ಗಡಿಯಾರವನ್ನು ನೋಡಿ ಹೆಜ್ಜೆಯ ವೇಗ ಹೆಚ್ಚಿಸಿದ ಗುಮಾಸ್ತರ ತಲೆಮಾರುಗಳೇ ಕಳೆದುಹೋಗಿವೆ. 1906ರ ಜನವರಿ 1ರಂದು ದೇಶಕ್ಕೆಲ್ಲ ಒಂದೇ ಭಾರತೀಯ ಕಾಲಮಾನ ಜಾರಿಗೆ ಬಂದರೂ, ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನದೇ ‘ಬಾಂಬೆ ಟೈಮ್’ ಅನ್ನು ಈ ನಗರ 1955ರವರೆಗೂ ಪೂರ್ತಿಯಾಗಿ ಬಿಟ್ಟುಕೊಟ್ಟಿರಲಿಲ್ಲ. ಸಮಯದ ವಿಷಯದಲ್ಲಿ ಇಷ್ಟೊಂದು ಹಟವುಳ್ಳ ಊರಿನಲ್ಲಿ, ಇತರರ ಸಮಯವನ್ನು ಸರಿಪಡಿಸುತ್ತಲೇ ತಮ್ಮ ಆಯುಷ್ಯವನ್ನು ಸವೆಸಿದವರ ಬಾಳು ಹೇಗಿರುತ್ತದೆ?

ಬಾಗಿಲಿನಷ್ಟೇ ಅಗಲದ ಅಂಗಡಿ

ದಾದರ್ ನಿಲ್ದಾಣದತ್ತ ಸಾಗುವ ಜನಸಂದಣಿಯ ಬೀದಿಯೊಂದರಲ್ಲಿ ಬಾಗಿಲಿನಷ್ಟೇ ಅಗಲದ ಅಂಗಡಿಯೊಂದಿದೆ. ಅದರೊಳಗೆ ಕುಳಿತಿರುವ ಹಿರಿಯರು 1974ರಲ್ಲಿ, 18ರ ಹರೆಯದಲ್ಲಿ, ಗದಗಿನ ಕಡೆಯ ಹಳ್ಳಿಯಿಂದ ಹೊರಟು ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಬಂದವರು. ಮರಾಠಿ ಗಿರಾಕಿಗಳಿಗೂ ಕನ್ನಡ ಗಿರಾಕಿಗಳಿಗೂ ಅವರು ‘ಕಾಕಾ’.

ಅವರು ಕೆಲಸ ಕಲಿತದ್ದು ಶಾಲೆಯಲ್ಲಲ್ಲ, ಉಸ್ತಾದರೊಬ್ಬರ ಮೇಜಿನ ಪಕ್ಕದಲ್ಲಿ. ಮೊದಲ ವರ್ಷವೆಲ್ಲ ಅಂಗಡಿ ಗುಡಿಸುವುದು, ಚಹ ತರುವುದು, ಕೆಳಗೆ ಬಿದ್ದ ಎಳ್ಳಿಗಿಂತ ಸಣ್ಣ ಸ್ಕ್ರೂಗಳನ್ನು ಹುಡುಕಿಕೊಡುವುದು. ಬಳಿಕ ಗೋಡೆಗಡಿಯಾರ, ಆಮೇಲೆ ಟೈಂಪೀಸು. ಕೈಗಡಿಯಾರವನ್ನು ಮುಟ್ಟುವ ಅಧಿಕಾರ ದೊರೆತದ್ದು ಮೂರನೆಯ ವರ್ಷದಲ್ಲಿ. ಹೆಂಗಸರ ಪುಟ್ಟ ವಾಚನ್ನು ಬಿಚ್ಚಲು ಇನ್ನೂ ಒಂದು ವರ್ಷ ಕಾಯಬೇಕಾಯಿತು.

ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಶಟರು ಮೇಲೇರುತ್ತದೆ. ದೇವರ ಪಟಕ್ಕೆ ಊದುಬತ್ತಿ ಹಚ್ಚಿದರೂ ಅದರ ಬೂದಿ ಮೇಜಿಗೆ ಹಾರದಂತೆ ಬಾಗಿಲ ಬಳಿಯೇ ಇಡುತ್ತಾರೆ. ಬೇಸಿಗೆಯ ಉರಿಯಲ್ಲಿಯೂ ಮೇಜಿನ ಮೇಲ್ಗಡೆ ಫ್ಯಾನು ತಿರುಗುವುದಿಲ್ಲ. ಗಾಳಿಗೆ ಹಾರಿಹೋದ ಸ್ಪ್ರಿಂಗನ್ನು ಹುಡುಕುವುದಕ್ಕಿಂತ ಬೆವರು ಒರೆಸಿಕೊಳ್ಳುವುದು ಸುಲಭ. ಆ ಬೆವರೂ ವೈರಿಯೇ. ಬೆರಳಿನ ತೇವ ತಗಲಿದ ಉಕ್ಕಿನ ಭಾಗ ತುಕ್ಕು ಹಿಡಿಯುತ್ತದೆ. ಆದುದರಿಂದ ಒಳಭಾಗಗಳನ್ನು ಮುಟ್ಟುವುದು ಚಿಮುಟವೇ ಹೊರತು ಬೆರಳಲ್ಲ.

ಮೇಜಿನ ಮೇಲೆ ಸಾಲಾಗಿ ಸಣ್ಣ ಸ್ಕ್ರೂ ಡ್ರೈವರುಗಳು, ಹಿಂಬದಿಯ ಮುಚ್ಚಳ ತೆಗೆಯುವ ಚಾಕು, ಗಾಳಿ ಊದುವ ರಬ್ಬರಿನ ಗುಂಡು, ಬಿಚ್ಚಿದ ಭಾಗಗಳನ್ನು ಧೂಳಿನಿಂದ ಕಾಪಾಡುವ ಗಾಜಿನ ಮುಚ್ಚಳ. ಇವೆಲ್ಲಕ್ಕಿಂತ ಮುಖ್ಯವಾದುದು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಐದು ಸೆಂಟಿಮೀಟರ್ ನಾಭಿದೂರದ ಮಸೂರವು ವಸ್ತುವನ್ನು ಸುಮಾರು ಐದು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಆ ಪುಟ್ಟ ವೃತ್ತದೊಳಗೇ ಅವರ ಐವತ್ತು ವರ್ಷಗಳ ಜಗತ್ತು.

ನಾಡಿಬಡಿತದ ಲೆಕ್ಕ

ಕೀಲಿ ಕೊಟ್ಟಾಗ ಸುತ್ತಿಕೊಂಡ ಮುಖ್ಯ ಸ್ಪ್ರಿಂಗು ಮತ್ತೆ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಶಕ್ತಿಯು ಹಲ್ಲಿನ ಚಕ್ರಗಳ ಮೂಲಕ ಹರಿದು ಕೊನೆಗೆ ಬ್ಯಾಲೆನ್ಸ್ ಚಕ್ರವನ್ನು ಮುಟ್ಟುತ್ತದೆ. ಕೂದಲಿನಂತಹ ಸುರುಳಿಯ ಆಧಾರದಿಂದ ಆಚೆಗೊಮ್ಮೆ ಈಚೆಗೊಮ್ಮೆ ತೂಗುವ ಈ ಚಕ್ರವೇ ಗಡಿಯಾರದ ಹೃದಯ. ಹಳೆಯ ಮಾದರಿಯ ಬಹುತೇಕ ಕೈಗಡಿಯಾರಗಳಲ್ಲಿ ಇದರ ಬಡಿತ ಸೆಕೆಂಡಿಗೆ 5, ಗಂಟೆಗೆ 18,000, ದಿನಕ್ಕೆ 4,32,000. ನಿಮಿಷಕ್ಕೆ 72ರಂತೆ ಬಡಿಯುವ ಮನುಷ್ಯನ ಹೃದಯಕ್ಕೆ ದಿನವೊಂದಕ್ಕೆ ಬರುವ ಲೆಕ್ಕ 1,03,680 ಮಾತ್ರ. ಈ ಚಕ್ರ ನಿಂತಿರುವ ಅಚ್ಚಿನ ತುದಿಯಾದರೋ ಮನುಷ್ಯನ ಕೂದಲಿಗಿಂತ ತುಸುವೇ ದಪ್ಪ. ವಾಚು ನೆಲಕ್ಕೆ ಬಿದ್ದಾಗ ಮುರಿಯುವುದು ಸಾಮಾನ್ಯವಾಗಿ ಆ ತುದಿಯೇ. ಅದು ಬೇಗ ಸವೆಯದಿರಲೆಂದು ಕೃತಕ ಮಾಣಿಕ್ಯದ ಕುಳಿಯಲ್ಲಿ ಕೂರಿಸುತ್ತಾರೆ. ಡಯಲಿನ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದು ಇಂತಹ ಕಲ್ಲುಗಳನ್ನು ಕುರಿತೇ ಹೊರತು ಆಭರಣವನ್ನಲ್ಲ.

“ದಿನಾ ಒಂದು ನಿಮಿಷ ಹಿಂದೆ ಬೀಳುತ್ತದೆ” ಎಂದು ಗಿರಾಕಿ ದೂರುತ್ತಾನೆ. ದಿನಕ್ಕೆ 1,440 ನಿಮಿಷ. ತಪ್ಪು ಅದರಲ್ಲಿ ಒಂದು ಪಾಲು. ಹಣದ ಲೆಕ್ಕದಲ್ಲಿ ಹೇಳುವುದಾದರೆ ನೂರು ರೂಪಾಯಿಗೆ ಏಳು ಪೈಸೆಯೂ ಆಗದು. ಹಣದಲ್ಲಿ ಇಷ್ಟು ಅಲ್ಪ ವ್ಯತ್ಯಾಸವನ್ನು ಯಾರೂ ಎಣಿಸುವುದಿಲ್ಲ. ಗಡಿಯಾರದಲ್ಲಿ ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಕಾಣದ ಕೆಲಸ

ಈ ಕಸುಬಿನ ವಿಶೇಷವೆಂದರೆ, ಮಾಡಿದ ಕೆಲಸ ಗಿರಾಕಿಯ ಕಣ್ಣಿಗೆ ಕಾಣುವುದಿಲ್ಲ. ಬಡಗಿಯ ಕುರ್ಚಿಯನ್ನು ಅಲುಗಾಡಿಸಿ ನೋಡಬಹುದು. ದರ್ಜಿಯ ಅಂಗಿಯನ್ನು ತೊಟ್ಟು ನೋಡಬಹುದು. ವಾಚಿನ ಮುಚ್ಚಳ ತೆರೆದು ಪರೀಕ್ಷಿಸುವ ಗಿರಾಕಿ ಎಲ್ಲಿದ್ದಾನೆ? ಎಲ್ಲ ಭಾಗಗಳನ್ನು ಬಿಚ್ಚಿ, ತೊಳೆದು, ಮಾಣಿಕ್ಯದ ಕುಳಿಗಳನ್ನು ಚೂಪಾದ ಕಡ್ಡಿಯಿಂದ ತಿರುವಿ ಶುಚಿಮಾಡಿ, ಸೂಜಿಯ ಮೊನೆಯಷ್ಟು ಎಣ್ಣೆ ಬಿಟ್ಟು ಜೋಡಿಸಬೇಕು. ಆಮೇಲೆ ಒಂದೆರಡು ದಿನ ಮಲಗಿಸಿ, ನಿಲ್ಲಿಸಿ, ತಲೆಕೆಳಗು ಮಾಡಿ ನಡಿಗೆಯನ್ನು ಪರೀಕ್ಷಿಸಬೇಕು. ಇದು ಸರಿಯಾದ ಮಾರ್ಗ. ಬಿಚ್ಚದೆಯೇ ಒಂದು ಹನಿ ಎಣ್ಣೆ ತೊಟ್ಟಿಕ್ಕಿಸಿ ಕೊಡುವುದು ಅಡ್ಡದಾರಿ. ಎರಡೂ ವಾಚುಗಳು ಅಂದು ಟಿಕ್ ಟಿಕ್ ಎನ್ನುತ್ತವೆ. ವ್ಯತ್ಯಾಸ ತಿಳಿಯುವುದು ಕೆಲವು ತಿಂಗಳ ಬಳಿಕ, ಹೆಚ್ಚಾದ ಎಣ್ಣೆ ಧೂಳನ್ನು ಹೀರಿ ಅಂಟಾದಾಗ.

ಆದರೂ ಒಂದು ಸಾಕ್ಷಿ ಉಳಿಯುತ್ತದೆ. ವಾಚನ್ನು ಪೂರ್ತಿ ಬಿಚ್ಚಿ ಸರಿಪಡಿಸಿದವನು ಹಿಂಬದಿ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತನ್ನ ಗುರುತನ್ನೂ ತಾರೀಖನ್ನೂ ಗೀಚುವುದು ಈ ಕಸುಬಿನಲ್ಲಿ ಲೋಕವೆಲ್ಲ ನಡೆದುಬಂದ ವಾಡಿಕೆ. ಆಸ್ಪತ್ರೆಯಲ್ಲಿ ರೋಗಿಯ ಚೀಟಿ ಇರುವಂತೆ, ಇದು ವಾಚಿನ ಚೀಟಿ. ಅದನ್ನು ಓದುವವರು ಮುಂದೆ ಮುಚ್ಚಳ ತೆರೆಯುವ ಇನ್ನೊಬ್ಬ ರಿಪೇರಿಗಾರರು ಮಾತ್ರ.

ಬೆಂಗಳೂರಿನಿಂದ ಬಂದ ಗೆಳೆಯ

ಹೊರನಾಡ ಕನ್ನಡಿಗರು ಈ ಅಂಗಡಿಗೆ ತರುವ ಹಳೆಯ ವಾಚುಗಳಲ್ಲಿ ಎಚ್‌ಎಂಟಿಯವೇ ಹೆಚ್ಚು. ಬೆಂಗಳೂರಿನ ಹಿಂದುಸ್ಥಾನ್ ಮಷೀನ್ ಟೂಲ್ಸ್ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಕೈಗಡಿಯಾರದ ತಯಾರಿಕೆಗೆ ಕೈಹಾಕಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಆರಂಭವಾಯಿತು. ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ, ನಿವೃತ್ತನಾಗುವ ಸಹೋದ್ಯೋಗಿಗೆ ಕೊಡಬೇಕಾದ ಉಡುಗೊರೆ ಯಾವುದೆಂಬ ಚಿಂತೆ ಆ ದಿನಗಳಲ್ಲಿ ಇರಲಿಲ್ಲ. ‘ಜನತಾ’, ‘ಪೈಲಟ್’, ‘ಕಾಂಚನ್’ ಎಂಬ ಹೆಸರುಗಳು ಮನೆಯವರ ಹೆಸರುಗಳಂತೆ ಬಳಕೆಯಲ್ಲಿದ್ದವು.

ಅತ್ತ ಜಪಾನಿನಲ್ಲಿ 1969ರ ಡಿಸೆಂಬರ್ 25ರಂದು ಸೀಕೋ ಕಂಪನಿಯ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಂದಿತ್ತು. ಇಂದಿನ ಕ್ವಾರ್ಟ್ಜ್ ವಾಚುಗಳಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವಿರುತ್ತದೆ. ಅದರ ಮುಂದೆ ಐದು ಬಡಿತದ ಚಕ್ರ ಸ್ಪರ್ಧಿಸಲಾರದು. ಭಾರತದಲ್ಲಿಯೂ 1980ರ ದಶಕದ ನಂತರ ಕ್ವಾರ್ಟ್ಜ್ ವಾಚುಗಳು ಮನೆಮನೆಗೆ ಬಂದವು. ಆಮೇಲೆ ಜೇಬಿನ ಮೊಬೈಲೇ ಗಡಿಯಾರವಾಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ದಾದರಿನ ಅಂಗಡಿಯ ಆದಾಯದ ದಾರಿಯೂ ಬದಲಾಯಿತು. ಹತ್ತು ಗಿರಾಕಿಗಳಲ್ಲಿ ಏಳೆಂಟು ಮಂದಿ ಬರುವುದು ಸೆಲ್ ಹಾಕಿಸಲು, ಪಟ್ಟಿ ಬದಲಿಸಲು. ಬಿಡಿಭಾಗ ಬೇಕಾದರೆ ಸತ್ತ ವಾಚೊಂದರಿಂದ ತೆಗೆಯಬೇಕು. ಡಬ್ಬಿಯೊಂದರಲ್ಲಿ ಒಡೆಯರು ಮರಳಿ ಬಾರದ ವಾಚುಗಳಿವೆ, ಚೀಟಿ ಸಹಿತ. ಮಾರಿದರೆ ಒಂದಿಷ್ಟು ಹಣ ಬರುತ್ತಿತ್ತು, ಅವರು ಮಾರಿಲ್ಲ. ಇಟ್ಟುಹೋದವರ ಸೊತ್ತು ಕೇಳಿದ ದಿನ ಕೊಡಬೇಕಾದ ಬಾಕಿ ಎಂಬುದು ಅವರ ಲೆಕ್ಕ.

ದೀಪ ಬದಲಿಸಿದರೂ ಹೋಗದ ಮಬ್ಬು

ಎರಡು ವರ್ಷಗಳ ಹಿಂದೆ ಅವರಿಗೆ ಮೇಜಿನ ದೀಪದ ಮೇಲೆ ಸಂಶಯ ಬಂದಿತು. ಬೆಳಕು ಸಾಲದೆಂದು ದೊಡ್ಡ ಬಲ್ಬು ಹಾಕಿಸಿದರು. ಒಂದೆರಡು ವಾರ ಪರವಾಗಿಲ್ಲವೆನಿಸಿತು. ಆಮೇಲೆ ಅದೇ ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಮಿರುಗುವ ಸ್ಕ್ರೂ ಯಾವುದು, ಅದರ ಸುತ್ತಲಿನ ಲೋಹ ಯಾವುದೆಂದು ಬೇರ್ಪಡಿಸುವುದು ಕಷ್ಟವಾಯಿತು. ಭೂತಗನ್ನಡಿಯನ್ನು ಒರೆಸಿದರು, ಬದಲಿಸಿದರು. ಕೆಲಸ ನಿಲ್ಲಿಸಲಿಲ್ಲ. ಕಣ್ಣು ಮಂಕಾಯಿತೆಂಬ ಸುದ್ದಿ ಬೀದಿಗೆ ಹಬ್ಬಿದರೆ ಗಡಿಯಾರ ರಿಪೇರಿಗಾರರ ಬಳಿ ಯಾರು ಬಂದಾರು? ಬೆರಳಿನ ಅಭ್ಯಾಸದಿಂದ ಸೆಲ್ಲು, ಪಟ್ಟಿಯ ಕೆಲಸ ಹೇಗೋ ಸಾಗುತ್ತಿತ್ತು.

ಒಂದು ಸಂಜೆ ಹುಬ್ಬಳ್ಳಿ ಮೂಲದ ಗೃಹಿಣಿಯೊಬ್ಬರು ಕರವಸ್ತ್ರದ ಗಂಟು ಬಿಚ್ಚಿ ವಾಚೊಂದನ್ನು ಮೇಜಿನ ಮೇಲಿಟ್ಟರು.

“ಕಾಕಾ, ಇದು ನಮ್ಮ ಅಪ್ಪಾರ ವಾಚು. ಅವರು ಹೋಗಿ ಆರು ತಿಂಗಳಾತು. ಇದು ನಡಿಯೂ ಹಂಗ ಮಾಡಿಕೊಡ್ರಿ.”

ಹಳೆಯ ಎಚ್‌ಎಂಟಿ ವಾಚು. ಹಿರಿಯರು ಅದನ್ನು ಕಿವಿಗೆ ಹಿಡಿದರು, ಮೆಲ್ಲಗೆ ಅಲುಗಿಸಿದರು. ಬ್ಯಾಲೆನ್ಸ್ ಅಚ್ಚಿನ ತುದಿ ಮುರಿದಿದೆಯೆಂದು ಕಿವಿಯೇ ಹೇಳಿತು. ಹೊಸ ಅಚ್ಚು ಕೂರಿಸುವುದು ಬೆರಳಿನ ಅಭ್ಯಾಸದಿಂದಾಗುವ ಕೆಲಸವಲ್ಲ. ಒಂದು ಜಾರಿಗೆ ಕೂದಲಿನಂತಹ ಸುರುಳಿ ಹಾಳಾದರೆ, ತಂದೆಯ ವಾಚು ಮತ್ತೆ ನಡೆಯದು. ತೆಗೆದುಕೊಂಡು ಪ್ರಯತ್ನಿಸಿ, ಕೆಟ್ಟರೆ “ಹಳೇದಾಗಿತ್ತು” ಎಂದು ಹೇಳಿದರೆ ನಂಬದವರಿಲ್ಲ. ಒಳಗೆ ನಡೆದುದನ್ನು ಕಂಡವರೂ ಇಲ್ಲ.

“ತಂಗಿ, ಇದನ್ನ ಈಗ ನಾ ಬಿಚ್ಚಂಗಿಲ್ಲ,” ಎಂದರು ಅವರು. “ನನ್ನ ಕಣ್ಣ ಸರಿ ಇಲ್ಲ. ಮೊದಲ ಕಣ್ಣ ತೋರಿಸ್ಕೊಂಡ ಬರ್ತೀನಿ. ಅಲ್ಲೀತನಕ ಇದು ನಿನ್ನ ಹತ್ರನ ಇರ್ಲಿ.”

ಆ ಮಾತನ್ನು ಅವರು ಇನ್ನೊಬ್ಬರ ಮುಂದೆ ಆಡಿದ್ದು ಅದೇ ಮೊದಲು. ಆಡಿದ ಮೇಲೆ ಕಣ್ಣಿನ ವೈದ್ಯರಲ್ಲಿಗೆ ಹೋಗದಿರಲು ಕಾರಣವೇ ಉಳಿಯಲಿಲ್ಲ.

ಪರೀಕ್ಷೆಯಲ್ಲಿ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿರುವುದು ಕಂಡಿತು. ವೈದ್ಯರಿಗೆ ಅವರು ಮೊದಲು ಕೇಳಿದ ಪ್ರಶ್ನೆ, ಐವತ್ತು ವರ್ಷ ಭೂತಗನ್ನಡಿ ಹಾಕಿದ್ದರಿಂದ ಹೀಗಾಯಿತೇ ಎಂಬುದು. ಹಾಗಲ್ಲವೆಂದು ವೈದ್ಯರು ತಿಳಿಸಿದರು. ಸೂಕ್ಷ್ಮ ಕೆಲಸದಿಂದ ಕಣ್ಣು ದಣಿಯುತ್ತದೆಯೇ ಹೊರತು ಪೊರೆ ಬೆಳೆಯುವುದಿಲ್ಲ. ಪೊರೆಗೆ ಮುಖ್ಯ ಕಾರಣ ವಯಸ್ಸು. ಮಧುಮೇಹ, ಧೂಮಪಾನ, ಬಹುಕಾಲದ ಸ್ಟೀರಾಯ್ಡ್ ಔಷಧ, ಕಣ್ಣಿಗೆ ಬಿದ್ದ ಪೆಟ್ಟು ಅದನ್ನು ಬೇಗ ತರುತ್ತವೆ. ಹನಿ ಔಷಧದಿಂದ ಪೊರೆ ಕರಗುವುದಿಲ್ಲ. ಮಬ್ಬಾದ ಮಸೂರವನ್ನು ತೆಗೆದು ಕೃತಕ ಮಸೂರ ಕೂರಿಸುವುದೊಂದೇ ಚಿಕಿತ್ಸೆ.

ಅನಂತರ ವೈದ್ಯರು ಕೇಳಿದ ಪ್ರಶ್ನೆ ಮಹತ್ವದ್ದು: “ನಿಮ್ಮ ಉದ್ಯೋಗವೇನು?” ಕೃತಕ ಮಸೂರದ ಶಕ್ತಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಲೆಕ್ಕಹಾಕಿ ಆರಿಸಬೇಕು. ಸಾಧಾರಣ ಮಸೂರವು ಒಂದು ದೂರಕ್ಕೆ ಮಾತ್ರ ಸ್ಪಷ್ಟ ನೋಟ ಕೊಡುತ್ತದೆ. ಉಳಿದ ದೂರಗಳಿಗೆ ಕನ್ನಡಕ ಬೇಕು. ಬಸ್ಸಿನ ಚಾಲಕನಿಗೆ ಹಿತವಾಗುವ ಮಸೂರ ಗಡಿಯಾರ ರಿಪೇರಿಗಾರರಿಗೆ ಹಿತವಾಗಬೇಕೆಂದೇನೂ ಇಲ್ಲ. ಹಿರಿಯರು ಬಾಯಿಮಾತಿನಲ್ಲಿ ವಿವರಿಸುವ ಬದಲು, ಮೇಜಿನ ಎದುರು ಕುಳಿತಂತೆ ಬಾಗಿ ಕಣ್ಣಿನಿಂದ ಕೈಯವರೆಗಿನ ದೂರವನ್ನು ಗೇಣು ಹಾಕಿ ತೋರಿಸಿದರು. ವೈದ್ಯರು ಅದನ್ನು ಅಳೆದು ಬರೆದುಕೊಂಡರು.

ಕಸುಬಿನವರಿಗೂ ಮನೆಯವರಿಗೂ ಹಿತವಚನ

ಈ ಪ್ರಸಂಗದಿಂದ ಎಲ್ಲ ಸೂಕ್ಷ್ಮ ಕೆಲಸದವರೂ, ಅಕ್ಕಸಾಲಿಗರು, ದರ್ಜಿಗಳು, ಕಂಪ್ಯೂಟರಿನ ಮುಂದೆ ಕುಳಿತವರೂ ಕಲಿಯಬೇಕಾದುದುಂಟು. 40 ವರ್ಷ ದಾಟಿದ ಮೇಲೆ ಕಣ್ಣಿನ ಮಸೂರ ಬಿರುಸಾಗುವುದರಿಂದ ಹತ್ತಿರದ ನೋಟ ಕುಂದುವುದು ಸಹಜ. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡವನ್ನೂ ಸೇರಿಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಪೊರೆಯಿಂದ ಹೋದ ನೋಟವನ್ನು ಮರಳಿ ಪಡೆಯಬಹುದು. ಒತ್ತಡದ ಕಾಯಿಲೆಯಾದ ಗ್ಲಾಕೋಮಾದಿಂದ ಹೋದ ನೋಟ ಮರಳುವುದಿಲ್ಲ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲೇ ಆರಂಭವಾಗಿದ್ದು, ಅದರ ಅಡಿಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಖರ್ಚಿಗೆ ಹೆದರಿ ಮುಂದೂಡುವ ಅಗತ್ಯವಿಲ್ಲ. ಕೆಲಸದ ನಡುವೆ 20 ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ವಸ್ತುವನ್ನು ಅರೆನಿಮಿಷ ನೋಡಿ, ಕಣ್ಣು ಮಿಟುಕಿಸಿದರೆ ದಣಿವು ಇಳಿಯುತ್ತದೆ.

ಕತ್ತಿನ ವಿಷಯವೂ ಹೀಗೆಯೇ. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಅದನ್ನು ದಿನವಿಡೀ ಮುಂದಕ್ಕೆ ಬಾಗಿಸಿ ಹಿಡಿದರೆ ಕತ್ತಿನ ಸ್ನಾಯುಗಳ ಮೇಲೆ ಬೀಳುವ ಭಾರ ಹಲವು ಪಟ್ಟು ಹೆಚ್ಚುತ್ತದೆ. ಹಳೆಯ ಉಸ್ತಾದರ ಮೇಜುಗಳು ಎದೆಯ ಮಟ್ಟಕ್ಕೆ ಎತ್ತರವಾಗಿರುತ್ತಿದ್ದುದು ಇದಕ್ಕಾಗಿಯೇ. ಕಣ್ಣು ಕೆಲಸದತ್ತ ಇಳಿಯಬಾರದು, ಕೆಲಸ ಕಣ್ಣಿನತ್ತ ಏರಬೇಕು.

ಭಾಗಗಳನ್ನು ತೊಳೆಯಲು ಬಳಸುವ ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ಅಂಶವಿದೆ. ಮುಚ್ಚಿದ ಅಂಗಡಿಯಲ್ಲಿ ಅದರ ಆವಿಯನ್ನು ವರ್ಷಗಟ್ಟಲೆ ಸೇವಿಸುವುದು ಅಪಾಯಕರ; ಬೆಂಕಿಯ ಭಯ ಬೇರೆ. ತೊಳೆಯುವ ಕೆಲಸ ಗಾಳಿಯಾಡುವ ಕಡೆ, ಪಾತ್ರೆಗೆ ಮುಚ್ಚಳವಿಟ್ಟು ನಡೆಯಬೇಕು. ಇದಕ್ಕೆಂದೇ ತಯಾರಿಸಿದ ದ್ರಾವಣಗಳನ್ನು ಬಳಸುವುದು ಇನ್ನೂ ಉತ್ತಮ.

ಕತ್ತಲಲ್ಲಿ ಹೊಳೆಯುವ ಯಾವುದನ್ನೇ ಆಗಲಿ ಜನ ಇಂದು ‘ರೇಡಿಯಂ’ ಎನ್ನುತ್ತಾರೆ. ಈಗಿನ ವಾಚುಗಳ ಹೊಳಪಿಗೂ ರೇಡಿಯಂಗೂ ಸಂಬಂಧವಿಲ್ಲ. ಆದರೆ ಅಜ್ಜನ ಕಾಲದ ಕೆಲವು ವಾಚುಗಳ ಡಯಲಿನಲ್ಲಿ ನಿಜವಾದ ರೇಡಿಯಂ ಇದೆ. 1917ರ ನಂತರದ ವರ್ಷಗಳಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಂಚವನ್ನು ತುಟಿಯಿಂದ ಚೂಪುಮಾಡಿಕೊಂಡು ಇಂತಹ ಡಯಲುಗಳಿಗೆ ಬಣ್ಣ ಹಚ್ಚಿದ ಯುವತಿಯರಲ್ಲಿ ಅನೇಕರು ದವಡೆಯ ಮೂಳೆ ಕೊಳೆತು ಪ್ರಾಣ ತೆತ್ತರು. ರೇಡಿಯಂನ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಹೊಳಪು ಆರಿದರೂ ವಿಷ ಆರಿರುವುದಿಲ್ಲ. ಅಂತಹ ಡಯಲನ್ನು ಕೆರೆಯಬಾರದು, ಊದಬಾರದು.

ಕೊನೆಯದಾಗಿ ತಾಯಂದಿರಿಗೊಂದು ಮಾತು. ಸೆಲ್ ಬದಲಿಸಿದಾಗ ಹಳೆಯದನ್ನು ಮಗುವಿನ ಕೈಗೆ ಆಟಕ್ಕೆಂದು ಕೊಡಬಾರದು. ರಿಮೋಟು, ತೂಕದ ಯಂತ್ರಗಳಲ್ಲಿರುವ ನಾಣ್ಯದಂತಹ ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗಬಹುದು. ‘ಸತ್ತ’ ಸೆಲ್ಲಿನಲ್ಲೂ ಅದಕ್ಕೆ ಸಾಕಷ್ಟು ಶಕ್ತಿಯಿರುತ್ತದೆ. ಮಗು ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ದು ಎಕ್ಸ್-ರೇ ತೆಗೆಸಬೇಕು. ದಾದರಿನ ಹಿರಿಯರು ತೆಗೆದ ಸೆಲ್ಲುಗಳನ್ನು ಟೇಪು ಸುತ್ತಿ ಡಬ್ಬಿಗೆ ಹಾಕುತ್ತಾರೆ. ಯಾರು ಕೇಳಿದರೂ ಕೊಡುವುದಿಲ್ಲ.

ಮುಚ್ಚಳದ ಒಳಗಿನ ಗುರುತು

ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿದು, ಕೆಲವು ವಾರಗಳ ನಂತರ ಇನ್ನೊಂದರದೂ ಆಯಿತು. ವೈದ್ಯರ ಅನುಮತಿ ದೊರೆಯುವ ತನಕ ಶಟರು ಇಳಿದೇ ಇತ್ತು. ಮತ್ತೆ ಮೇಜಿನ ಎದುರು ಕುಳಿತ ದಿನ ದೊಡ್ಡ ಬಲ್ಬನ್ನು ತೆಗೆದು ಹಳೆಯದನ್ನೇ ಹಾಕಿಸಿದರು. ಅಷ್ಟು ಬೆಳಕು ಸಾಕಾಗಿತ್ತು.

ಹುಬ್ಬಳ್ಳಿಯ ಹೆಣ್ಣುಮಗಳು ಹೇಳಿದ ದಿನವೇ ಬಂದು ವಾಚು ಕೊಟ್ಟುಹೋದರು. ಮುಚ್ಚಳ ತೆರೆದಾಗ ಒಳಮೈಯಲ್ಲಿ ಮೂರು ಗುರುತುಗಳು ಕಂಡವು. ಯಾವುದೋ ಊರಿನ, ಯಾವುದೋ ಅಂಗಡಿಯ ಕೈಗಳು ಗೀಚಿದ ಅಕ್ಷರ, ತಾರೀಖು. ಕೊನೆಯ ಎರಡು ತಾರೀಖುಗಳ ನಡುವೆ ಹನ್ನೊಂದು ವರ್ಷಗಳ ಅಂತರ. ವಾಚಿನ ಒಡೆಯರು ಆ ಹನ್ನೊಂದು ವರ್ಷ ಅದನ್ನು ಎಲ್ಲೂ ತೋರಿಸದೆ, ನಡೆದಷ್ಟು ನಡೆಯಲೆಂದು ಬಿಟ್ಟಿದ್ದರು. ಹಿರಿಯರಿಗೆ ತಮ್ಮ ಕಣ್ಣುಗಳ ನೆನಪಾಗಿ ನಗು ಬಂದಿತು.

ಹೊಸ ಅಚ್ಚು ಕುಳಿತಿತು, ಚಕ್ರ ತೂಗಿತು. ಎರಡು ದಿನ ಮಲಗಿಸಿ, ನಿಲ್ಲಿಸಿ, ತಲೆಕೆಳಗು ಮಾಡಿ ನೋಡಿದ ಮೇಲೆ, ಮೂರು ಗುರುತುಗಳ ಕೆಳಗೆ ನಾಲ್ಕನೆಯದನ್ನು ಗೀಚಿ ಮುಚ್ಚಳ ಒತ್ತಿದರು. ವಾಚನ್ನು ಕಿವಿಗೆ ಹಿಡಿದ ಆ ಹೆಣ್ಣುಮಗಳಿಗೆ ಒಳಗಿನ ಗುರುತು ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಹಣ ಪಡೆದು ಚೀಟಿ ಹರಿದುಕೊಟ್ಟ ಬಳಿಕ ಹಿರಿಯರು ಹೇಳಿದ್ದು ಇಷ್ಟೇ:

“ಮೂರ್ನಾಕು ವರ್ಷಕ್ಕೊಮ್ಮೆ ತಂದ ತೋರಿಸ್ ತಂಗಿ. ನಡ್ಯಾಕತ್ತೇತಿ ಅಂತ ಬಿಡಬ್ಯಾಡ.”